ಇಲೋಇಲೊಗೆ ಐದು ಗಂಟೆಯ ದಾರಿ

ಇಲೋಇಲೊ
ಜನವರಿ 14, 2019

ಪ್ರೀತಿಯ ಕ್ರಿಸಾಂತಾ,

ನೀನು ಕಳಿಸಿದ ಒಣಮೀನೂ ಕರಿಬೆಲ್ಲವೂ ಕ್ರಿಸ್‌ಮಸ್ಸಿಗೆ ಸರಿಯಾಗಿ ತಲುಪಿದವು. ಬೆಲ್ಲವನ್ನು ಗಂಜಿಗೆ ಹಾಕಿಕೊಂಡು ತಿಂದೆವು. ಮಠ ನಡೆಸುವ ಮದರೇ ಎರಡನೆಯ ಸಲ ಬಡಿಸಿಕೊಂಡರು ಅಂದರೆ ರುಚಿ ಹೇಗಿತ್ತು ಅಂತ ನಿನಗೇ ಗೊತ್ತಾಗುತ್ತದೆ. ಆದರೆ ಪೊಟ್ಟಣ ತಂದವಳು ಯಾರೋ ಬಸ್ಸಿನ ಹೆಂಗಸು. ಮೊದಲೆಲ್ಲ ಪೊಟ್ಟಣದ ಹಿಂದೆ ನಿನ್ನ ಮುಖ ಇರುತ್ತಿತ್ತು.

ಒಂದು ಸುದ್ದಿ ಹೇಳಬೇಕು. ನಮ್ಮ ಮಠವನ್ನು ಮುಚ್ಚುತ್ತಾರೆ. ಉಳಿದಿರುವವರು ನಾವು ಆರೇ ಜನ, ಅದರಲ್ಲಿ ಇಬ್ಬರು ಹಾಸಿಗೆ ಹಿಡಿದಿದ್ದಾರೆ. ಹೊಸದಾಗಿ ಸೇರಲು ಯಾವ ಹುಡುಗಿಯೂ ಬರುತ್ತಿಲ್ಲ. ಮಳೆಗಾಲದ ಹೊತ್ತಿಗೆ ನಮ್ಮನ್ನು ಮಿಂದನಾವ್ ದ್ವೀಪದ ಮಠಕ್ಕೆ ಸೇರಿಸುತ್ತಾರಂತೆ. ಮೊದಲು ಹಡಗು, ಆಮೇಲೆ ಬಸ್ಸು, ಆಮೇಲೆ ಬೆಟ್ಟದ ದಾರಿ. ನನಗೆ ಅರವತ್ತು ಹತ್ತಿರ ಬಂತು. ಕುಲಾಸಿಯಿಂದ ಇಲ್ಲಿಗೆ ಐದು ಗಂಟೆಯ ದಾರಿ, ಅಷ್ಟಕ್ಕೇ ಬಾರದವಳು ಅಷ್ಟು ದೂರ ಬರುತ್ತೀಯ ಅಂತ ನಂಬಿಕೊಂಡು ಕೂರಲಾರೆ.

ಅಮ್ಮನನ್ನು ಮಣ್ಣು ಮಾಡಿದ ಮೇಲೆ ನೀನು ಇತ್ತ ಕಾಲಿಟ್ಟಿಲ್ಲ. ಎರಡು ವರ್ಷ ದಾಟಿತು. ಆ ದಿನ ನಾನು ಬರಲಿಲ್ಲ, ನಿಜ. ಒಳಗೆ ಬಂದಮೇಲೆ ಹೊರಗೆ ಹೋಗುವ ಹಾಗಿಲ್ಲ ಅಂತ ಒಪ್ಪಿಕೊಂಡೇ ಬಂದವಳು ನಾನು. ನೀನು ಕೋಪ ಮಾಡಿಕೊಂಡಿದ್ದರಲ್ಲಿ ತಪ್ಪಿಲ್ಲ. ಕೋಪದಲ್ಲೇ ಬಾ. ಭೇಟಿಕೋಣೆಯ ಜಾಲರಿಯ ಆಚೆ ಕೂತು ಬೈಯಿ. ಪತ್ರದಲ್ಲಿ ಬೈದರೆ ನನಗೆ ಸಾಲದು.

ನಿನ್ನ ಅಕ್ಕ, ನಿನ್ನ ಮನಾಂಗ್,
ಸಿಸ್ಟರ್ ಅನ್ಸೆಲ್ಮಾ


ಕುಲಾಸಿ
ಫೆಬ್ರುವರಿ 3, 2019

ಮನಾಂಗ್,

ಪತ್ರ ತಲುಪಿತು. ಮಠ ಮುಚ್ಚುವ ಸುದ್ದಿ ಕೇಳಿ ಬೇಸರವಾಯಿತು. ಹೊಸ ಜಾಗದಲ್ಲಿ ಗಾಳಿ ಬೆಳಕು ಚೆನ್ನಾಗಿರಲಿ.

ನನಗೆ ಕೋಪವೇನೂ ಇಲ್ಲ. ಎರಡನೇ ತರಗತಿಗೆ ಈ ಸಲ ಮಕ್ಕಳು ಜಾಸ್ತಿ. ಮಾರ್ಚಿ ಮುಗಿಯುವವರೆಗೆ ಪುರುಸೊತ್ತಿಲ್ಲ. ಆಮೇಲೆ ರಜ, ಆದರೆ ಬೇಸಿಗೆಯಲ್ಲಿ ರಸ್ತೆ ತುಂಬ ದೂಳು. ನಮ್ಮ ಯಜಮಾನ ಅಬೆಲಾರ್ದೊ ಚೆನ್ನಾಗಿದ್ದಾನೆ. ಬಾಡಿಗೆಗೆ ಓಡಿಸುವ ಟ್ರೈಸಿಕಲ್ಲಿನ ಬೈಕಿಗೂ ಪಕ್ಕದ ಗಾಡಿಗೂ ಹೊಸದಾಗಿ ಬಣ್ಣ ಹೊಡೆಸಿದ್ದಾನೆ, ಹಳದಿ.

ಪತ್ರ ಎಲ್ಲಿಗಾದರೂ ಹೋಗುತ್ತದೆ, ಮಿಂದನಾವ್‌ಗೂ ಹೋಗುತ್ತದೆ. ಬೆಲ್ಲ ಕಳಿಸುತ್ತೇನೆ.

ನಿನ್ನ ತಂಗಿ,
ಕ್ರಿಸಾಂತಾ


ಇಲೋಇಲೊ
ಮಾರ್ಚ್ 2, 2019

ಕ್ರಿಸಾಂತಾ,

ರಸ್ತೆಯ ದೂಳಿಗೆ ಹೆದರುವವಳು ನೀನಲ್ಲ. ಚಿಕ್ಕವಳಿದ್ದಾಗ ನಮ್ಮಪ್ಪನ ಎತ್ತಿನ ಗಾಡಿಯ ಹಿಂದೆ ಓಡಿ ಓಡಿ ಹುಬ್ಬೆಲ್ಲ ಬೆಳ್ಳಗೆ ಮಾಡಿಕೊಂಡು ಬರುತ್ತಿದ್ದವಳು.

ಮೊನ್ನೆ ಅಬೆಲಾರ್ದೊ ಬಂದಿದ್ದ. ನಿನಗೆ ಹೇಳಿರಲಾರ. ಟ್ರೈಸಿಕಲ್ಲಿಗೆ ಏನೋ ಬಿಡಿಭಾಗ ಬೇಕಿತ್ತು ಅಂತ ಇಲೋಇಲೊಗೆ ಬಂದವನು ಇಲ್ಲಿಗೂ ಬಂದ. ಜಾಲರಿಯ ಆಚೆ ಟೋಪಿಯನ್ನು ಕೈಯಲ್ಲಿ ಹಿಂಡುತ್ತ ಕೂತಿದ್ದ. ಹೊರಡುವ ಗಂಟೆ ಹೊಡೆದಮೇಲೆ ಬಾಯಿಬಿಟ್ಟ.

"ಮನಾಂಗ್ ಸಿಸ್ಟರ್, ಅವಳು ಎಲ್ಲಿಗೂ ಹೋಗಲ್ಲ. ಭಾನುವಾರದ ಪೂಜೆಗೂ ಬರಲ್ಲ. ಸ್ಕೂಲು, ಮನೆ, ಸ್ಕೂಲು, ಮನೆ. ನನ್ನ ಜೊತೆ ಮಲಗೋದೂ ಬಿಟ್ಟಿದ್ದಾಳೆ. ಅಡುಗೆಮನೇಲಿ ಹಿಂದಿನ ಬಾಗಿಲ ಹತ್ರ ಚಾಪೆ ಹಾಸ್ಕೋತಾಳೆ. ನಾನು ಕುಡಿಯೋದು ಬಿಟ್ಟಿದ್ದು ನಿಮಗೇ ಗೊತ್ತು. ಇನ್ನು ಬೇರೆ ಹೆಂಗಸು ಅಂತೀರಾ? ಈ ಹೊಟ್ಟೆ ನೋಡಿ, ಯಾರು ಬರ್ತಾರೆ! ನಾನೇನು ಮಾಡ್ದೆ ಅಂತ ನೀವೇ ಅವಳನ್ನ ಕೇಳಿ. ನನಗೆ ಕೇಳೋಕೆ ಭಯ."

ಕೇಳುತ್ತಿದ್ದೇನೆ. ಇದು ನನ್ನ ಮೇಲಿನ ಕೋಪ ಮಾತ್ರ ಅಲ್ಲ ಅಂತ ಈಗ ಅನಿಸುತ್ತಿದೆ. ಬುಧವಾರದಿಂದ ನಲವತ್ತು ದಿನದ ತಪಸ್ಸು ಕಾಲ ಶುರು. ಈಸ್ಟರಿನ ಪಾಸ್ಕ ಹಬ್ಬದವರೆಗೆ ನಾವು ಪತ್ರ ಬರೆಯುವಂತಿಲ್ಲ, ಬಂದ ಪತ್ರವನ್ನು ಒಡೆಯುವಂತೆಯೂ ಇಲ್ಲ. ನೀನು ಬರೆದರೆ ಮದರ್ ಎತ್ತಿಟ್ಟಿರುತ್ತಾರೆ. ಬರಿ.

ಮನಾಂಗ್


ಕುಲಾಸಿ
ಮಾರ್ಚ್ 19, 2019

ಮನಾಂಗ್,

ಪಾಸ್ಕದವರೆಗೆ ನೀನು ಓದುವುದಿಲ್ಲ ಅನ್ನುವ ಧೈರ್ಯದಲ್ಲೇ ಬರೆಯುತ್ತಿದ್ದೇನೆ. ನಾಳೆಯೇ ಉತ್ತರ ಬರುವ ಹಾಗಿದ್ದರೆ ಬರೆಯುತ್ತಿರಲಿಲ್ಲ.

ನನಗೆ ಮೂತ್ರ ತಡೆಯಲು ಆಗುವುದಿಲ್ಲ.

ಈ ಒಂದು ಸಾಲು ಬರೆದು ಎದ್ದು ಹೋಗಿ ಬಂದೆ, ಅದಕ್ಕೇ.

ಎಲ್ಲರಿಗೂ ಬರುತ್ತದಲ್ಲ, ಮೆಲ್ಲಗೆ, ಇನ್ನೊಂದು ಸ್ವಲ್ಪ ಹೊತ್ತು ಬಿಟ್ಟು ಹೋದರಾಯಿತು ಅನ್ನುವ ಹಾಗೆ, ಇದು ಹಾಗಲ್ಲ. ಹಿಂದಿನಿಂದ ಯಾರೋ ಕುತ್ತಿಗೆಗೆ ಕೈಹಾಕಿ ತಳ್ಳಿದ ಹಾಗೆ ಬರುತ್ತದೆ. ಈಗ, ಈ ಕ್ಷಣ, ಇಲ್ಲದಿದ್ದರೆ ಇಲ್ಲೇ. ನಲ್ಲಿಯ ನೀರಿನ ಸದ್ದು ಕೇಳಿದರೆ ಬರುತ್ತದೆ. ಮನೆ ಬೀಗಕ್ಕೆ ಕೀಲಿ ಹಾಕಿದರೆ ಬರುತ್ತದೆ. ಎಷ್ಟೋ ಸಲ ಕೀಲಿ ತಿರುಗಿಸುವಷ್ಟರಲ್ಲಿ ಹೊಸ್ತಿಲ ಮೇಲೇ ಮುಗಿದುಹೋಗಿರುತ್ತದೆ. ಆರೋಗ್ಯ ಕೇಂದ್ರದಲ್ಲಿ ಪರೀಕ್ಷೆ ಮಾಡಿದರು, ನಂಜು ಇಲ್ಲ, ಸಕ್ಕರೆ ಕಾಯಿಲೆ ಇಲ್ಲ, ಕಲ್ಲಿಲ್ಲ. ಮೂತ್ರಕೋಶ ಸುಮ್ಮಸುಮ್ಮನೆ ಹಿಂಡಿಕೊಳ್ಳುತ್ತದಂತೆ. ಮಾತ್ರೆ ಕೊಟ್ಟರು. ನುಂಗಿದರೆ ಬಾಯಿ ಒಣಗಿ ನಾಲಿಗೆ ಅಂಗುಳಿಗೆ ಅಂಟಿಕೊಳ್ಳುತ್ತಿತ್ತು, ಮಕ್ಕಳಿಗೆ ಒಂದು ಪುಟ ಓದಿ ಹೇಳಲಾಗುತ್ತಿರಲಿಲ್ಲ. ಬಿಟ್ಟೆ.

ಮಕ್ಕಳು ತರಗತಿಯಲ್ಲಿ ಬೆರಳೆತ್ತಿ "ಮೇಡಂ, ಒಂದಕ್ಕೆ" ಅಂತಾವೆ. ಈಗ ಅವು ಕೇಳುವ ಮೊದಲೇ ನಾನು ಓಡಿರುತ್ತೇನೆ. ನನಗೆ ಅವು ಇಟ್ಟಿರುವ ಹೆಸರು "ನಲ್ಲಿ ಮೇಡಂ". ಕಾರಿಡಾರಿನಲ್ಲಿ ನಾನೇ ಕೇಳಿಸಿಕೊಂಡೆ. ಪಕ್ಕದ ತರಗತಿಯ ನೋರ್ಲಿ ಟೀಚರ್ ಎಲ್ಲರೆದುರು, "ಏನ್ರೀ ಕ್ರಿಸಾಂತಾ, ಇಷ್ಟು ಸಲ ಓಡ್ತೀರಲ್ಲ, ಕೊನೆಗೂ ಏನಾದ್ರೂ ಸಿಹಿ ಸುದ್ದಿನಾ?" ಅಂದಳು. ಐವತ್ತು ದಾಟಿದ ನನಗೆ. ಮಕ್ಕಳಿಲ್ಲದ ನನಗೆ. ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಮೆಲ್ಲಗೆ. ಜೋರಾಗಿ ನಗುವ ಹಾಗೂ ಇಲ್ಲವಲ್ಲ.

ಅಬೆಲಾರ್ದೊಗೆ ಗೊತ್ತಿಲ್ಲ. ಹಾಸಿಗೆ ಒದ್ದೆಯಾದರೆ ಅಂತ ಅಡುಗೆಮನೆಯಲ್ಲಿ ಮಲಗುತ್ತೇನೆ, ಅಲ್ಲಿಂದ ಹಿತ್ತಲ ಕಕ್ಕಸು ಹತ್ತಿರ. ಅವನು ಪಕ್ಕಕ್ಕೆ ಬಂದರೆ ನಾನು ಸರಿದು ಕೂರುತ್ತೇನೆ, ವಾಸನೆ ಬಂದೀತು ಅಂತ. ತಾನೇನೋ ತಪ್ಪು ಮಾಡಿದ್ದೇನೆ ಅಂತ ಅವನು ಅಂದುಕೊಂಡಿರುವುದು ನಿನ್ನ ಪತ್ರ ಬರುವವರೆಗೆ ನನಗೆ ತಿಳಿದಿರಲಿಲ್ಲ.

ಈಗ ಅಮ್ಮನ ದಿನದ ಮಾತು. ಪೆಟ್ಟಿಗೆಯ ಹಿಂದೆ ಮೊದಲ ಸಾಲಿನಲ್ಲಿ ನಾನೊಬ್ಬಳೇ. ಹಿರಿಮಗಳ ಜಾಗವೂ ನನ್ನದೇ, ಕಿರಿಮಗಳ ಜಾಗವೂ ನನ್ನದೇ. ಬ್ಯಾಂಡಿನವರು ಮುಂದೆ, ಊರೆಲ್ಲ ಹಿಂದೆ, ನೆತ್ತಿಯ ಮೇಲೆ ಬಿಸಿಲು. ಸ್ಮಶಾನಕ್ಕೆ ಅರ್ಧ ದಾರಿಯಲ್ಲಿ ಬಂತು. ಎಲ್ಲಿಗೆ ಹೋಗಲಿ? ಇನ್ನೊಬ್ಬಳು ಮಗಳು ಪಕ್ಕದಲ್ಲಿದ್ದಿದ್ದರೆ ಅವಳ ಕೈಗೆ ಹೂವು ಕೊಟ್ಟು ಯಾವುದಾದರೂ ಮನೆ ಹೊಕ್ಕು ಬರುತ್ತಿದ್ದೆ. ನಡೆಯುತ್ತಲೇ ಇದ್ದೆ. ಬಿಸಿಯಾಗಿ ಕಾಲಗುಂಟ ಇಳಿದು ಷೂ ತುಂಬಿತು. ನನ್ನ ಮುಖ ನೋಡಿ ದುಃಖಕ್ಕೆ ತಲೆ ಸುತ್ತುತ್ತಿದೆ ಅಂದುಕೊಂಡ ಚಿಕ್ಕಮ್ಮ ಹಿಂದಿನಿಂದ ಓಡಿಬಂದು ಬಾಯಿಗೆ ನೀರು ಹಿಡಿದಳು. "ಕುಡಿ ಮಗಾ, ಕುಡಿ" ಅಂತ. ಕುಡಿದೆ.

ಆಗ ನಿನ್ನ ಮೇಲೆ ಕೋಪ ಬಂತು. ಅಮ್ಮನಿಗೋಸ್ಕರ ಅಲ್ಲ, ನನ್ನ ಷೂಗಳಿಗೋಸ್ಕರ. ಆಮೇಲೆ ನೀನೇ "ನಿನಗೆ ಕೋಪ, ಅದಕ್ಕೇ ಬರುತ್ತಿಲ್ಲ" ಅಂತ ಬರೆಯತೊಡಗಿದೆ. ನನಗೆ ಅನುಕೂಲವೇ ಆಯಿತು. ಕೋಪಕ್ಕೆ ಒಂದು ಮರ್ಯಾದೆ ಇದೆ ಮನಾಂಗ್. ಇದಕ್ಕೆ ಏನಿದೆ?

ಇಲೋಇಲೊ ಬಸ್ಸು ದಾರಿಯಲ್ಲಿ ಒಂದೇ ಕಡೆ ನಿಲ್ಲುತ್ತದೆ. ನಾನು ಹತ್ತಲಾರೆ. ನೀನು ಗೋಡೆಯೊಳಗೆ ಬೇಕು ಅಂತ ಹೋದೆ, ಅಪ್ಪ ಅಮ್ಮ ಅತ್ತು ಕಳಿಸಿದರು, ಪಾದ್ರಿ ಆಶೀರ್ವಾದ ಮಾಡಿದರು. ನನ್ನನ್ನು ಒಳಗೆ ಹಾಕುವಾಗ ಯಾರೂ ಕೇಳಲಿಲ್ಲ.

ಕ್ರಿಸಾಂತಾ


ಇಲೋಇಲೊ
ಏಪ್ರಿಲ್ 23, 2019

ಇಂದಾಯ್,

ಪಾಸ್ಕದ ಬೆಳಿಗ್ಗೆ ಮದರ್ ನಿನ್ನ ಪತ್ರ ಕೊಟ್ಟರು. ಚಿಕ್ಕಂದಿನಲ್ಲಿ ಕರೆಯುತ್ತಿದ್ದ ಹಾಗೆ ಕರೆದಿದ್ದೇನೆ, ಬೇಡ ಅನ್ನಬೇಡ.

ನಿನ್ನ ಕೊನೆಯ ಮಾತಿಗೆ ಪ್ರಾರ್ಥನೆ ಮಾಡು ಅಂತ ಬರೆಯಲು ಕೈ ಬರಲಿಲ್ಲ. ಅದಕ್ಕೆ ಇನ್ನೊಂದು ಕೆಲಸ ಮಾಡಿದೆ. ನಮ್ಮ ಹಾಸಿಗೆ ಹಿಡಿದವರನ್ನು ನೋಡಲು ಡಾಕ್ಟರ್ ತುಪಾಸ್ ಅಂತ ಒಬ್ಬ ಹೆಂಗಸು ಬರುತ್ತಾರೆ. ನಿನ್ನೆ ಅವರು ಬಂದಾಗ, ಮದರ್ ಪಕ್ಕದಲ್ಲಿ ನಿಂತಿರುವಾಗಲೇ, "ಡಾಕ್ಟರ್, ಒಬ್ಬ ಹೆಂಗಸಿಗೆ ಒಂದಕ್ಕೆ ತಡೆಯಲು ಆಗದಿದ್ದರೆ ಏನು ದಾರಿ?" ಅಂದೆ. ಮದರ್ ನನ್ನ ಕಡೆ ನೋಡಿದರು. ಸಿಸ್ಟರ್ ಫೆಲಿಸಿತಾಸ್ ನನ್ನ ಕಡೆ ನೋಡಿದರು. "ನನಗಲ್ಲ" ಅಂದೆ. "ಯಾರೂ ನಿಮಗೆ ಅಂದಿಲ್ಲವಲ್ಲ" ಅಂದರು ಡಾಕ್ಟರ್. ನಿನ್ನೆ ಸಂಜೆಯಿಂದಲೇ ನನ್ನ ತಟ್ಟೆಯ ಪಕ್ಕ ಕಾಫಿ ಇಡುತ್ತಿಲ್ಲ. ಪ್ರಾರ್ಥನೆಯಲ್ಲಿ ನನ್ನನ್ನು ಬಾಗಿಲ ಪಕ್ಕದ ಜಾಗಕ್ಕೆ ಕೂರಿಸಿದ್ದಾರೆ. ನಗಬೇಡ.

ಡಾಕ್ಟರ್ ಹೇಳಿದ್ದು: ಕಾಫಿ ಕಡಿಮೆ ಮಾಡಬೇಕು, ಆದರೆ ನೀರು ಕುಡಿಯುವುದನ್ನು ಪೂರ್ತಿ ಬಿಡಬಾರದು, ಬಿಟ್ಟರೆ ಕೆರಳುವುದು ಇನ್ನೂ ಜಾಸ್ತಿ. ತಡೆಹಿಡಿಯುವ ಸ್ನಾಯುಗಳಿಗೆ ವ್ಯಾಯಾಮ ಇದೆ. ಅದಕ್ಕೂ ಮಾತ್ರೆಗೂ ಬಗ್ಗದಿದ್ದರೆ ನರಕ್ಕೆ ಕೊಡುವ ಒಂದು ಚಿಕಿತ್ಸೆ ಇದೆಯಂತೆ. ಪಾದದ ಗಂಟಿನ ಹತ್ತಿರ ಸಣ್ಣ ಸೂಜಿ ಚುಚ್ಚಿ ಅದಕ್ಕೆ ಕೊಂಚ ವಿದ್ಯುತ್ತು ಹರಿಸುತ್ತಾರೆ. ಕಾಲಿಗೂ ಮೂತ್ರಕೋಶಕ್ಕೂ ಏನು ಸಂಬಂಧ ಅಂದರೆ, ಎರಡರ ನರಗಳೂ ಸೊಂಟದ ಕೆಳಗೆ ಒಂದೇ ಬುಡದಿಂದ ಹೊರಡುತ್ತವಂತೆ. ವಾರಕ್ಕೊಮ್ಮೆ ಅರ್ಧ ಗಂಟೆ, ಹನ್ನೆರಡು ವಾರ. ಎಲ್ಲರಿಗೂ ಆಗುವುದಿಲ್ಲ, ಹಲವರಿಗೆ ಆಗುತ್ತದೆ. ನಿಮ್ಮ ಕಡೆ ಸಾನ್ ಹೋಸೆಯ ಆಸ್ಪತ್ರೆಯಲ್ಲಿ ಮನಿಲಾದಲ್ಲಿ ಕಲಿತು ಬಂದ ಹುಡುಗಿಯೊಬ್ಬಳು ಇದ್ದಾಳೆ ಅಂತ ಚೀಟಿ ಕೊಟ್ಟಿದ್ದಾರೆ. ಇದರ ಜೊತೆ ಇಟ್ಟಿದ್ದೇನೆ.

ಕುಲಾಸಿಯಿಂದ ಸಾನ್ ಹೋಸೆಗೂ ಬಸ್ಸಿನಲ್ಲೇ ಹೋಗಬೇಕು ಅಂತ ನನಗೆ ಗೊತ್ತು. ಗೊತ್ತಿದ್ದೇ ಬರೆಯುತ್ತಿದ್ದೇನೆ.

ನಿನ್ನ ಮನಾಂಗ್


ಕುಲಾಸಿ
ಮೇ 27, 2019

ಮನಾಂಗ್,

ನಿನ್ನನ್ನು ಬಾಗಿಲ ಪಕ್ಕ ಕೂರಿಸಿದ್ದು ಓದಿ ನಕ್ಕೆ. ನಕ್ಕಿದ್ದಕ್ಕೆ ಲಂಗ ಬದಲಾಯಿಸಬೇಕಾಯಿತು. ತೃಪ್ತಿಯಾಯಿತಾ?

ಮೊದಲ ಸಲ ಒಬ್ಬಳೇ ಹೊರಟೆ. ಹಿಂದಿನ ಸಂಜೆಯಿಂದ ನೀರು ಮುಟ್ಟಿರಲಿಲ್ಲ, ಡೈಪರ್ ಕಟ್ಟಿಕೊಂಡಿದ್ದೆ, ಕರಿ ಲಂಗ. ತಿಬಿಯಾವ್ ದಾಟುವ ಮೊದಲೇ ಬಂತು. ನಾನು ಕಿಟಕಿ ಪಕ್ಕ, ನನ್ನ ಪಕ್ಕ ಒಬ್ಬ ಮುದುಕ, ನಡುದಾರಿಯಲ್ಲಿ ಅಕ್ಕಿ ಮೂಟೆ, ಕೋಳಿ ಬುಟ್ಟಿ. ಸೀಟಿನಿಂದ ಏಳಲೂ ಆಗದು, ಕೂರಲೂ ಆಗದು. "ಇಳೀಬೇಕು ಇಳೀಬೇಕು" ಅಂತ ಕಿರುಚಿದೆ. ಕಂಡಕ್ಟರ್, "ಏನಮ್ಮ, ಮನೇಲಿ ಒಲೆ ಮೇಲೆ ಅನ್ನ ಇಟ್ಟು ಬಂದ್ಯಾ?" ಅಂದ. ಬಸ್ಸೆಲ್ಲ ನಕ್ಕಿತು. ಗದ್ದೆಯ ಬದಿಯಲ್ಲಿ ಇಳಿದೆ. ಬಸ್ಸು ಹೋಯಿತು. ಎದುರು ದಿಕ್ಕಿನ ಬಸ್ಸು ಹತ್ತುವ ಧೈರ್ಯವೂ ಇರಲಿಲ್ಲ. ಅಲ್ಲೇ ಕಲ್ಲಿನ ಮೇಲೆ ಕೂತು ಅಬೆಲಾರ್ದೊಗೆ ಫೋನು ಮಾಡಿದೆ.

ಅವನು ಟ್ರೈಸಿಕಲ್ಲು ತಂದು ನಿಲ್ಲಿಸಿದ. ಎಲ್ಲಿಗೆ ಹೊರಟಿದ್ದೆ ಅಂತ ಕೇಳಲಿಲ್ಲ. ತನ್ನನ್ನು ಬಿಟ್ಟು ಹೋಗುತ್ತಿದ್ದೇನೆ ಅಂದುಕೊಂಡಿದ್ದನಂತೆ. ನಾನು ಅವನ ಬೆನ್ನು ನೋಡಿಕೊಂಡೇ ಹೇಳಿದೆ, ಮುಖ ನೋಡಿ ಹೇಳಲು ಆಗಲಿಲ್ಲ. ಎಲ್ಲ ಹೇಳಿದೆ.

"ಇಷ್ಟೇನಾ?" ಅಂದ.

"ಇಷ್ಟೇನಾ ಅಂದ್ರೆ?"

"ನಿನಗೆ ನನ್ನ ಕಂಡ್ರೆ ಹೇಸಿಗೆ ಬಂದಿದೆ ಅನ್ಕೊಂಡಿದ್ದೆ ಕಣೇ." ಅಂದವನು ಗಾಡಿ ನಿಲ್ಲಿಸಿಬಿಟ್ಟ. ಇಳಿದು ಬಂದು ಸಿಟ್ಟಿನಿಂದ, "ಗಂಡ ಅಂತ ಒಬ್ಬ ಇದ್ದಾನೆ ಮನೇಲಿ, ಅವನು ಮನುಷ್ಯ ಅಲ್ವಾ? ಎರಡು ವರ್ಷ ಹಂದಿ ಥರ ಒಬ್ಬನ್ನೇ ಮಲಗಿಸಿದೀಯ" ಅಂದ. ನನಗೂ ಸಿಟ್ಟು ಬಂತು. ಗದ್ದೆ ಬದಿಯಲ್ಲಿ ನಿಂತು ಇಬ್ಬರೂ ಚೆನ್ನಾಗಿ ಜಗಳವಾಡಿದೆವು. ಎಷ್ಟು ದಿನವಾಗಿತ್ತು ಜಗಳವಾಡಿ!

ಆಮೇಲಿಂದ ಅವನೇ ಟ್ರೈಸಿಕಲ್ಲಿನಲ್ಲಿ ಕರೆದುಕೊಂಡು ಹೋಗುತ್ತಾನೆ. ಎರಡು ಗಂಟೆಯ ದಾರಿ ಅರ್ಧ ದಿನವಾಗುತ್ತದೆ. ಪೆಟ್ರೋಲ್ ಬಂಕು, ಚರ್ಚು, ಯಾರದೋ ಮನೆ, ಎಲ್ಲ ಕಡೆ ನಿಲ್ಲಿಸಿ ತಾನೇ ಇಳಿದು ಹೋಗಿ ಬಾಗಿಲು ತಟ್ಟಿ, "ಅಕ್ಕಾ, ನನಗೆ ಹೊಟ್ಟೆ ಕೆಟ್ಟಿದೆ, ಕಕ್ಕಸು ಎಲ್ಲಿ?" ಅಂತಾನೆ. ಅವರು ತೋರಿಸಿದ ಮೇಲೆ, "ಮೊದಲು ನನ್ನ ಹೆಂಡತಿ ಹೋಗಲಿ, ನಾನು ಹೋದ್ರೆ ಆಮೇಲೆ ಯಾರೂ ಹೋಗೋ ಹಾಗಿರಲ್ಲ" ಅಂತಾನೆ. ಆ ರಸ್ತೆಯಲ್ಲಿ ಈಗ ಅವನಿಗೆ ಭಾರಿ ಹೆಸರು.

ಆಸ್ಪತ್ರೆಯ ಹುಡುಗಿಯ ಹೆಸರು ಗ್ಲೈಸಾ. ನನ್ನ ವಿದ್ಯಾರ್ಥಿನಿಯಾಗುವಷ್ಟು ಸಣ್ಣವಳು. ಪಾದದ ಗಂಟಿನ ಒಳಬದಿ, ಮೂಳೆಗಿಂತ ಸ್ವಲ್ಪ ಮೇಲೆ, ಕೂದಲಿನಂಥ ಸೂಜಿ ಚುಚ್ಚುತ್ತಾಳೆ. ಅಂಗಾಲಿಗೆ ಒಂದು ಅಂಟುಪಟ್ಟಿ. ಎರಡಕ್ಕೂ ತಂತಿ, ತಂತಿಯ ಕೊನೆಗೆ ಸಾಬೂನು ಡಬ್ಬಿಯಷ್ಟು ಯಂತ್ರ. ಗುಂಡಿ ತಿರುಗಿಸಿದರೆ ಅಂಗಾಲಿನಲ್ಲಿ ಇರುವೆ ಹರಿದ ಹಾಗಾಗಿ ಹೆಬ್ಬೆರಳು ತನ್ನಷ್ಟಕ್ಕೆ ತಾನೇ ಮಡಚಿಕೊಳ್ಳುತ್ತದೆ. "ಸರಿಯಾದ ನರ ಸಿಕ್ತು ಮೇಡಂ. ಇಲ್ಲಿ ತಟ್ತಾ ಇದ್ರೆ ಅಲ್ಲಿಗೆ ಕೇಳ್ಸುತ್ತೆ. ಅವಸರ ಪಡಬೇಡ ಅಂತ ಅದಕ್ಕೆ ಕಲಿಸ್ತಾ ಇದ್ದೀವಿ" ಅಂದಳು. ಪಕ್ಕದ ಕುರ್ಚಿಯಲ್ಲಿ ಮೀನು ಮಾರುವ ಹೆಂಗಸು, ಅವಳ ಕಾಲಿಗೂ ಸೂಜಿ. "ನಾನು ತಿಂಗಳಿಂದ ಬರ್ತಿದೀನಿ ಮೇಡಂ. ಅದೇನೂ ಕಲೀಲಿಲ್ಲ, ಹೆಬ್ಬೆರಳು ಮಾತ್ರ ಡ್ಯಾನ್ಸ್ ಕಲೀತು" ಅಂದಳು.

ಅರ್ಧ ಗಂಟೆ ಕಾಲು ಅಲ್ಲಾಡಿಸದೆ ಕೂರಬೇಕು. ತಂತಿಯಲ್ಲಿ ಕಟ್ಟಿಹಾಕಿದ ಹಾಗೆ. ಅಷ್ಟರಲ್ಲಿ ಬಂದರೆ? ಇದನ್ನು ನಿಲ್ಲಿಸಿಕೊಳ್ಳಲು ಬಂದವಳಿಗೆ ಅಲ್ಲೂ ಇದೇ ಭಯ. ಕಣ್ಣು ಬಾಗಿಲ ಮೇಲೇ ಇಟ್ಟು ಕೂರುತ್ತೇನೆ.

ಇನ್ನೂ ಏನೂ ಆಗಿಲ್ಲ. ಆದರೆ ಹೋಗುತ್ತಿದ್ದೇನೆ.

ಕ್ರಿಸಾಂತಾ


ಇಲೋಇಲೊ
ಜೂನ್ 16, 2019

ಇಂದಾಯ್,

ದಿನ ಗೊತ್ತಾಯಿತು. ಜುಲೈ ಮೂರರ ಹಡಗು. ಅದಕ್ಕೆ ಮುಂಚಿನ ಭಾನುವಾರ ಬಂಧುಗಳಿಗೆ ಕೊನೆಯ ಭೇಟಿ. ನಿನ್ನ ಹನ್ನೆರಡು ವಾರ ಅಷ್ಟರಲ್ಲಿ ಮುಗಿಯುವುದಿಲ್ಲ ಅಂತ ಲೆಕ್ಕ ಹಾಕಿದೆ.

ಇಲ್ಲಿ ಸಾಮಾನು ಕಟ್ಟುತ್ತಿದ್ದಾರೆ. ಗಂಟೆ ಇಳಿಸಿದರು. ಈಗ ಸಿಸ್ಟರ್ ಫೆಲಿಸಿತಾಸ್ ತಟ್ಟೆಗೆ ಚಮಚ ಬಡಿದು ನಮ್ಮನ್ನು ಪ್ರಾರ್ಥನೆಗೆ ಕರೆಯುತ್ತಾರೆ.

ಜನವರಿಯಲ್ಲಿ ಬಾ ಬಾ ಅಂತ ಬರೆದವಳು ನಾನೇ. ಈಗ ನಾನೇ ಹೇಳುತ್ತೇನೆ, ಬರಬೇಡ. ಆ ಬಸ್ಸಿನಲ್ಲಿ ಐದು ಗಂಟೆ ನೀನು ಕೂತಿರುವುದನ್ನು ಈಗ ನೆನೆಸಿಕೊಳ್ಳಬಲ್ಲೆ. ಮೊದಲು ಆಗುತ್ತಿರಲಿಲ್ಲ. ಪತ್ರ ಬರಿ, ಸಾಕು.

ಮನಾಂಗ್


ಕುಲಾಸಿ
ಜೂನ್ 22, 2019

ಮನಾಂಗ್,

ನೀನು ಬರೆದದ್ದು ಸುಳ್ಳು, ಸಾಕಾಗುವುದಿಲ್ಲ ನಿನಗೆ. ನನಗೂ ಸಾಕಾಗುವುದಿಲ್ಲ.

ಕಳೆದ ವಾರ ಒಂದು ವಿಚಿತ್ರ ಆಯಿತು. ತರಗತಿಯಲ್ಲಿ ಕೂಡುವ ಲೆಕ್ಕ ಹೇಳಿಕೊಡುತ್ತಿದ್ದೆ. ಬಂತು. ಎದ್ದೆ. ಆದರೆ ಅದು ಕುತ್ತಿಗೆಗೆ ಕೈ ಹಾಕಲಿಲ್ಲ, ಲಂಗದ ಅಂಚು ಎಳೆದ ಹಾಗೆ ಬಂತು. ಲೆಕ್ಕ ಮುಗಿಸಿ ಹೋದೆ. ನಡೆದುಕೊಂಡು ಹೋದೆ, ಓಡಲಿಲ್ಲ. ಮರುದಿನ ಮತ್ತೆ ಮೊದಲಿನ ಹಾಗೇ ಆಯಿತು, ಅದಕ್ಕೂ ಮರುದಿನ ಇಲ್ಲ. ಗ್ಲೈಸಾ "ಈಗ ಶುರುವಾಯ್ತು, ಪೂರ್ತಿ ನಂಬಬೇಡಿ" ಅಂದಳು.

ಟ್ರೈಸಿಕಲ್ಲು ಅಷ್ಟು ದೂರ ಬರಲಾರದು. ಬಸ್ಸಿನಲ್ಲೇ ಬರುತ್ತೇನೆ. ಅಬೆಲಾರ್ದೊ ಜೊತೆಗಿರುತ್ತಾನೆ. ಉತ್ತರ ಬರೆಯಬೇಡ, ಬೇಡ ಅಂತೀಯ.

ಕ್ರಿಸಾಂತಾ


ಮಿಂದನಾವ್
ಜುಲೈ 21, 2019

ಇಂದಾಯ್,

ಬಂದು ತಲುಪಿದೆವು. ಇಲ್ಲಿ ಚಳಿ. ಕಿಟಕಿಯಿಂದ ಅನಾನಸ್ ಹೊಲ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಇಲ್ಲಿನ ಸಿಸ್ಟರುಗಳ ಮಾತಿನ ಧಾಟಿ ಬೇರೆ, ನಾನು ನಕ್ಕರೆ ಯಾಕೆ ನಕ್ಕೆ ಅಂತ ಅವರಿಗೆ ತಿಳಿಯುವುದಿಲ್ಲ.

ಆ ಭಾನುವಾರದ ಬಗ್ಗೆ ಬರೆಯಬೇಕು ಅಂತ ಹಡಗಿನಲ್ಲೇ ಅಂದುಕೊಂಡೆ. ಭೇಟಿಯ ಹೊತ್ತು ಮುಗಿಯುತ್ತ ಬಂದಿತ್ತು. ಮಿಕ್ಕವರ ಬಂಧುಗಳೆಲ್ಲ ಅತ್ತು ಹೋಗಿಯಾಗಿತ್ತು. ನೀನು ಬರುವುದಿಲ್ಲ ಅಂತ ಎದ್ದಿದ್ದೆ. ಅಷ್ಟರಲ್ಲಿ ಹೊರಬಾಗಿಲು ಬಡಿದ ಸದ್ದು, ಆಮೇಲೆ ನೀನು. ಕೂದಲೆಲ್ಲ ಕೆದರಿ, ಒಂದು ಕೈಯಲ್ಲಿ ಜಾಲರಿ ಹಿಡಿದುಕೊಂಡು. ಎರಡೂವರೆ ವರ್ಷದ ಮೇಲೆ ನೀನಾಡಿದ ಮೊದಲ ಮಾತು, "ಮನಾಂಗ್, ಕಕ್ಕಸು ಎಲ್ಲಿ?"

ಭೇಟಿಗೆ ಬರುವವರ ಕಕ್ಕಸಿಗೆ ಹಿಂದಿನ ವಾರವೇ ಬೀಗ ಹಾಕಿ ನೀರು ನಿಲ್ಲಿಸಿದ್ದರು. ಆ ಬೀದಿಯಲ್ಲಿ ಹತ್ತಿರ ಒಂದು ಅಂಗಡಿಯೂ ಇಲ್ಲ. ನಿನ್ನ ಮುಖ ನೋಡಿದೆ. ಅಮ್ಮನ ಪೆಟ್ಟಿಗೆಯ ಹಿಂದೆ ಈ ಮುಖವೇ ಇದ್ದಿರಬೇಕು. ಸೊಂಟದ ಕೀಲಿ ತೆಗೆದು, ಹೊರಗಿನವರಿಗೆ ತೆರೆಯಬಾರದ ಒಳಬಾಗಿಲು ತೆರೆದೆ. ಯೋಚನೆ ಮಾಡಿ ತೆರೆದೆ ಅಂತ ಹೇಳಿದರೆ ಸುಳ್ಳಾಗುತ್ತದೆ.

ನೀನು ನಮ್ಮ ಕಕ್ಕಸಿನೊಳಗೆ ಬಹಳ ಹೊತ್ತು ಇದ್ದೆ. ನಾನು ಹಲಗೆ ಬಾಗಿಲಿನ ಆಚೆ ನಿಂತಿದ್ದೆ. ಏನಾದರೂ ಆಯಿತೇನೋ ಅಂತ ಹೆದರಿಕೆಯಾಗಿ ಎರಡು ಸಲ ಕೂಗಿದೆ. ಹೊರಗೆ ಬಂದಾಗ ನಿನ್ನ ಕೈ ಒದ್ದೆಯಿತ್ತು, ತೊಳೆದಿದ್ದೆ, ಒರೆಸಿಕೊಳ್ಳಲು ಬಟ್ಟೆ ಇರಲಿಲ್ಲ. ಆ ಒದ್ದೆ ಕೈಯಲ್ಲೇ ನೀನು ನನ್ನ ಮುಖ ಹಿಡಿದುಕೊಂಡೆ. ನನ್ನನ್ನು ಮನೆಯವರು ಮುಟ್ಟಿ ಎಷ್ಟು ಕಾಲವಾಗಿತ್ತು ಅಂತ ನಾನು ಎಣಿಸುವುದಿಲ್ಲ.

ಆ ಸಂಜೆ ಮದರ್ ಬಳಿ ಹೋಗಿ ಮಂಡಿಯೂರಿ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಕನ್ನಡಕ ತೆಗೆದು, "ನಲ್ಲಿ ರಿಪೇರಿಯವನಿಗೆ ಬಾಗಿಲು ತೆಗೀತೀವಿ, ತೆಂಗಿನಕಾಯಿ ಕೀಳೋನಿಗೆ ತೆಗೀತೀವಿ. ತಂಗಿಗೆ ಅವಸರ ಅಂತ ತೆಗೆದಿದ್ದೀಯ. ಏಳು" ಅಂದರು.

ಅದನ್ನು ಕೇಳಿ ನನಗೆ ಸಮಾಧಾನವಾಗಬೇಕಿತ್ತು.

ಮನಾಂಗ್


ಕುಲಾಸಿ
ಆಗಸ್ಟ್ 11, 2019

ಮನಾಂಗ್,

ನಿನಗೆ ಸಮಾಧಾನ ಯಾಕಾಗಲಿಲ್ಲ ಅಂತ ನನಗೆ ಗೊತ್ತು. ನೀನು ಬರೆಯಲಿಲ್ಲ, ನಾನು ಬರೆಯುತ್ತೇನೆ. ಅಮ್ಮ ಪ್ರತಿ ಸಲ ಆ ಜಾಲರಿಗೆ ಬೆರಳು ತೂರಿಸಿ ನಿನ್ನ ಕೆನ್ನೆ ಮುಟ್ಟಲು ನೋಡುತ್ತಿದ್ದಳು. ಬೆರಳು ಮೊದಲ ಗೆಣ್ಣಿನವರೆಗೆ ಮಾತ್ರ ಹೋಗುತ್ತಿತ್ತು. ಕೊನೆಯ ವರ್ಷ ಒಂದೇ ಒಂದು ಸಲ ಒಳಗೆ ಬಿಡು ಅಂತ ಕೇಳಿಯೂ ಕೇಳಿದಳು. ಆಗ ತೆರೆಯದ ಬಾಗಿಲು ನನ್ನ ಉಚ್ಚೆಗೆ ತೆರೆಯಿತು. ಬಸ್ಸಿನಲ್ಲಿ ವಾಪಸು ಬರುವಾಗ ಇದನ್ನು ಅಬೆಲಾರ್ದೊಗೆ ಹೇಳಿ ನಕ್ಕೆ. ನಗುತ್ತಿದ್ದವಳು ಎಲ್ಲಿ ಅಳಲು ಶುರುಮಾಡಿದೆನೋ ತಿಳಿಯಲಿಲ್ಲ. ನಿನ್ನ ಮೇಲೆ ಈಗ ನಿಜವಾಗಿ ಕೋಪ ಬಂದಿದೆ. ಇದು ನೆಪದ ಕೋಪ ಅಲ್ಲ. ಇರಲಿ ಬಿಡು, ಸ್ವಲ್ಪ ದಿನ ಇದ್ದು ಹೋಗುತ್ತದೆ.

ಬರುವಾಗಿನ ಕಥೆ ಹೇಳಲು ಹೊತ್ತೇ ಸಿಗಲಿಲ್ಲ. ಬಸ್ಸು ನಿಲ್ಲುವ ಜಾಗದವರೆಗೂ ತಡೆದೆ. ನಾನು, ಮನಾಂಗ್! ಆದರೆ ಅದಾದ ಮೇಲೆ ಸೇತುವೆಯ ಹತ್ತಿರ ರಸ್ತೆ ಕುಸಿದು ಗಾಡಿಗಳು ಸಾಲುಗಟ್ಟಿ ನಿಂತಿದ್ದವು. ಅಬೆಲಾರ್ದೊ ಎಂದಿನಂತೆ ತನ್ನ ಹೊಟ್ಟೆಯ ಕಥೆ ಶುರುಮಾಡಲು ಬಾಯಿ ತೆರೆದ. ನಾನು ಬೇಡ ಅಂದೆ. ಎದ್ದು ನಿಂತು, "ನನಗೆ ಒಂದಕ್ಕೆ ಹೋಗ್ಬೇಕು, ನನಗೆ ಕಾಯಿಲೆ ಇದೆ, ಇಳಿಸಿ" ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಆಮೇಲೆ ಹಿಂದಿನ ಸೀಟಿನಿಂದ ಒಬ್ಬ ಅಜ್ಜಿ, "ತಾಳೆ, ನಾನೂ ಬರ್ತೀನಿ" ಅಂದಳು. ಅವಳ ಹಿಂದೆ ಇನ್ನೊಬ್ಬಳು, ಮಗು ಎತ್ತಿಕೊಂಡವಳು ಒಬ್ಬಳು. ಅಜ್ಜಿ ಲಂಗದ ಮೇಲೆ ಸುತ್ತಿದ್ದ ಲುಂಗಿ ಬಿಚ್ಚಿ ಪೊದೆಯ ಹತ್ತಿರ ಮರೆ ಹಿಡಿದಳು, ಒಬ್ಬರಾದ ಮೇಲೆ ಒಬ್ಬರು. "ಗಂಡಸರು ಆ ಕಡೆ ತಿರುಗಿ, ಇಲ್ಲಾಂದ್ರೆ ಶಾಪ ಹಾಕ್ತೀನಿ" ಅಂತ ಬಸ್ಸಿನ ಕಡೆಗೆ ಕೂಗಿದಳು. ಎಲ್ಲ ಹೆಂಗಸರೂ ಬೆಳಿಗ್ಗೆಯಿಂದ ಹಿಡಿದುಕೊಂಡೇ ಕೂತಿದ್ದರು.

ಹನ್ನೆರಡು ವಾರ ಮುಗಿಯಿತು. ವಾಸಿಯಾಯಿತು ಅಂತ ಬರೆಯಲಾರೆ. ಓಡುವುದು ಕಡಿಮೆಯಾಗಿದೆ, ಹಾಸಿಗೆಯಲ್ಲಿ ಮಲಗುತ್ತೇನೆ. ಅಬೆಲಾರ್ದೊ ಗೊರಕೆ ಇಷ್ಟು ಜೋರು ಅಂತ ಮರೆತೇ ಹೋಗಿತ್ತು. ಇನ್ನು ತಿಂಗಳಿಗೊಮ್ಮೆ ಹೋಗಿ ಸೂಜಿ ಚುಚ್ಚಿಸಿಕೊಳ್ಳುತ್ತಿರಬೇಕು, ಬಿಟ್ಟರೆ ಮತ್ತೆ ಮೊದಲಿನಂತಾಗುತ್ತದಂತೆ. ಮೀನು ಮಾರುವವಳಿಗೆ ಏನೂ ಆಗಲಿಲ್ಲ. ಅವಳಿಗೆ ಸೊಂಟದಲ್ಲಿ ಚರ್ಮದಡಿ ಯಂತ್ರ ಇಡುವ ಚಿಕಿತ್ಸೆ ಇದೆಯಂತೆ, ಮನಿಲಾಕ್ಕೆ ಹೋಗಬೇಕು. ಅವಳು ಹೋಗಲಾರಳು. ಕೊನೆಯ ದಿನ ನನ್ನ ಕೈಗೆ ಎರಡು ಮೀನು ಕೊಟ್ಟು, "ನನ್ನ ಪಾಲಿಂದೂ ನಿನಗೇ ಹೋಯ್ತು ಬಿಡು" ಅಂದಳು.

ಮಿಂದನಾವ್‌ಗೆ ನಾನು ಬರಲಾರೆ. ಅದು ನಿನಗೂ ಗೊತ್ತು.

ಇನ್ನೊಂದು ಮಾತು. ನಾನು ಒಳಗೆ ಬಹಳ ಹೊತ್ತು ಇದ್ದೆ ಅಂತ ಬರೆದಿದ್ದೀಯ. ಹೋಗಿ ಕೂತರೆ ಬಂದದ್ದು ನಾಲ್ಕು ಹನಿ. ಈ ಕಾಯಿಲೆಯ ಆಟವೇ ಅದು, ಕೆರೆ ಒಡೆದ ಹಾಗೆ ಕೂಗುತ್ತದೆ, ನೋಡಿದರೆ ಏನೂ ಇರುವುದಿಲ್ಲ. ನನ್ನ ಕೆಲಸ ಆಗಲೇ ಮುಗಿದಿತ್ತು. ಹಲಗೆಯ ಆಚೆ ನಿನ್ನ ಉಸಿರು ಕೇಳುತ್ತಿತ್ತು. "ಇಂದಾಯ್, ಆಯ್ತಾ?" ಅಂದೆ ನೀನು. ಇನ್ನೂ ಇಲ್ಲ ಅಂದೆ. ನೀನು ಮತ್ತೆ ಕೇಳಿದೆ. ಇನ್ನೂ ಇಲ್ಲ ಅಂದೆ. ಎದ್ದು ಬಂದರೆ ನೀನು ನನ್ನನ್ನು ಅದೇ ಬಾಗಿಲಿನಿಂದ ಆಚೆಗೆ ಕಳಿಸಬೇಕಾಗುತ್ತಿತ್ತು. ಅದಕ್ಕೇ ಕೂತಿದ್ದೆ.

ನಿನ್ನ ಇಂದಾಯ್,
ಕ್ರಿಸಾಂತಾ